ಪಿಯುಸಿ ಓದುತ್ತಲೇ ಆರ್ಟ್ ಕಾಲೇಜಿಗೆ ಪೋರ್ಟ್‌ಫೋಲಿಯೋ: ಕರಾವಳಿಯ ಮಕ್ಕಳಿಗೊಂದು ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮಕ್ಕಳದ್ದು ಒಂದೇ ಪ್ರಶ್ನೆ. "ಸರ್, ಪಿಯುಸಿ ಮುಗಿಯಿತು. ಆರ್ಟ್ ಕಾಲೇಜಿಗೆ ಸೇರಬೇಕು. ಇಂಟರ್‌ವ್ಯೂಗೆ ಮೂರು ವಾರ ಇದೆ. ಪೋರ್ಟ್‌ಫೋಲಿಯೋ ಹೇಗೆ ಮಾಡೋದು?" ಪೋರ್ಟ್‌ಫೋಲಿಯೋ ಅಂದರೆ ಕಾಲೇಜಿಗೆ ತೋರಿಸಲು ನೀವೇ ಮಾಡಿದ ಕೆಲಸಗಳನ್ನು ಆಯ್ದು ಜೋಡಿಸಿದ ಫೈಲು. ಮೂರು ವಾರದಲ್ಲಿ ಹದಿನೈದು ಚಿತ್ರ ಬಿಡಿಸಿ ಫೈಲಿಗೆ ಹಾಕಬಹುದು. ಅದನ್ನು ನೋಡುವವರಿಗೆ ಅದು ಮೂರು ವಾರದ ಕೆಲಸ ಅಂತ ಮೂರನೇ ಹಾಳೆಗೇ ಗೊತ್ತಾಗುತ್ತದೆ. ಹಾಗಾಗಿ ಈ ಲೇಖನ ಮುಖ್ಯವಾಗಿ ಪ್ರಥಮ ಪಿಯುಸಿಯಲ್ಲಿ ಇರುವವರಿಗೆ. ದ್ವಿತೀಯ ಪಿಯುಸಿಯವರೂ ಓದಬಹುದು, ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕಬೇಕು ಅಷ್ಟೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೈ ಪಳಗಿಸುವುದಕ್ಕೆ ಕಾಲೇಜಿನವರ ಹತ್ತಿರ ನಾಲ್ಕು ವರ್ಷ ಇದೆ. ನೀವು ಸುತ್ತಮುತ್ತ ಇರುವುದನ್ನು ನಿಂತು ನೋಡುವವರೋ ಅಲ್ಲವೋ ಎಂಬುದು ಅವರಿಗೆ ಮೊದಲು ತಿಳಿಯಬೇಕು. ಮೊಬೈಲ್ ನೋಡಿ ಅಚ್ಚು ಹೊಡೆದಂತೆ ಬಿಡಿಸಿದ ಸಿನಿಮಾ ನಟನ ಮುಖಕ್ಕಿಂತ, ನಿಮ್ಮ ಅಡುಗೆಮನೆಯ ಮೂಲೆಯನ್ನು ನೋಡಿ ಸ್ವಲ್ಪ ಸೊಟ್ಟಗೆ ಬಿಡಿಸಿದ ಚಿತ್ರಕ್ಕೆ ಅಲ್ಲಿ ಬೆಲೆ ಜಾಸ್ತಿ. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ.

ಎಲ್ಲಿಗೆ ಹೋಗುವುದು ಅಂತ ಮೊದಲು ನೋಡಿ

"ಆರ್ಟ್ ಕಾಲೇಜು" ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬೇರೆ ಬೇರೆ ದಾರಿ ಇದೆ. ಮೂರಕ್ಕೂ ತಯಾರಿ ಬೇರೆ.

ಮೊದಲನೆಯದು ದೃಶ್ಯಕಲೆಯ ಪದವಿ. ಕೆಲವು ಕಡೆ ಬಿವಿಎ ಅನ್ನುತ್ತಾರೆ, ಕೆಲವು ಕಡೆ ಬಿಎಫ್‌ಎ. ನಾಲ್ಕು ವರ್ಷದ ಕೋರ್ಸ್. ಪೇಂಟಿಂಗ್, ಶಿಲ್ಪ, ಗ್ರಾಫಿಕ್ ಕಲೆ, ಅಪ್ಲೈಡ್ ಆರ್ಟ್ ಎಲ್ಲ ಇದರಲ್ಲೇ ಬರುತ್ತದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನ ಕಾವಾ, ನಮ್ಮ ಮಂಗಳೂರಿನಲ್ಲೇ ಇರುವ ಮಹಾಲಸಾ. ಹೊರಗೆ ಹೋಗುವ ಮನಸ್ಸಿದ್ದರೆ ಬರೋಡಾ, ಶಾಂತಿನಿಕೇತನದ ಕಲಾಭವನ, ಮುಂಬೈಯ ಜೆ.ಜೆ. ಸ್ಕೂಲ್. ಪಿಯುಸಿಯಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದು ಓದಿದ್ದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೂತು ಚಿತ್ರ ಬಿಡಿಸುವ ಪ್ರವೇಶ ಪರೀಕ್ಷೆ ಇರುತ್ತದೆ. ಜೊತೆಗೆ ನೀವು ಮಾಡಿದ ಕೆಲಸ ತನ್ನಿ ಅನ್ನುತ್ತಾರೆ.

ಎರಡನೆಯದು ಡಿಸೈನ್. ಎನ್‌ಐಡಿ (ರಾಷ್ಟ್ರೀಯ ಡಿಸೈನ್ ಸಂಸ್ಥೆ), ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ), ಐಐಟಿಗಳ ಬಿ.ಡಿಸ್, ಅಂದರೆ ಡಿಸೈನ್ ಪದವಿ. ಇಲ್ಲಿ ಮೊದಲು ದೊಡ್ಡ ಲಿಖಿತ ಪರೀಕ್ಷೆ. ಐಐಟಿಯ ಬಿ.ಡಿಸ್‌ಗೆ ಯುಸೀಡ್ ಬರೆಯಬೇಕು, ಅದು ಜನವರಿಯಲ್ಲಿ. ಒಬ್ಬರಿಗೆ ಸತತ ಎರಡು ವರ್ಷ, ಎರಡೇ ಸಲ ಅವಕಾಶ. ಅದರಲ್ಲೂ ಒಂದು ಭಾಗ ಕೈಯಲ್ಲಿ ಚಿತ್ರ ಬಿಡಿಸುವುದೇ. ಹೆಚ್ಚಿನ ಡಿಸೈನ್ ಪರೀಕ್ಷೆಗಳ ಅರ್ಜಿ ಹಿಂದಿನ ವರ್ಷದ ಕೊನೆಯ ಹೊತ್ತಿಗೇ ಮುಗಿದಿರುತ್ತದೆ. ಪಿಯುಸಿ ಪರೀಕ್ಷೆ ಮುಗಿಸಿ ಆಮೇಲೆ ನೋಡೋಣ ಅಂದರೆ ಬಸ್ ಹೋಗಿಯಾಯಿತು.

ಮೂರನೆಯದು ಆರ್ಕಿಟೆಕ್ಚರ್. ಅದಕ್ಕೆ ನಾಟಾ ಪರೀಕ್ಷೆ, ಪಿಯುಸಿಯಲ್ಲಿ ಗಣಿತ ಬೇಕು. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ನಿಮಗೆ ಬೇಕಾದ ಮೂರು ನಾಲ್ಕು ಕಾಲೇಜುಗಳ ಈ ವರ್ಷದ ಪ್ರಾಸ್ಪೆಕ್ಟಸ್ ತೆಗೆದುಕೊಳ್ಳಿ. ಹೋದ ವರ್ಷದ್ದು, ಅಣ್ಣನ ಸ್ನೇಹಿತ ಹೇಳಿದ್ದು ಬೇಡ. ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಕೆಲಸ ಕೇಳಿದ್ದಾರೆ, ಯಾವ ಅಳತೆ, ಮೂಲ ಚಿತ್ರವೇ ತರಬೇಕೋ ಪಿಡಿಎಫ್ ಸಾಕೋ, "ಇದು ನನ್ನದೇ ಕೆಲಸ" ಅಂತ ಯಾರಾದರೂ ಸಹಿ ಹಾಕಬೇಕೋ. ಆ ಹಾಳೆಯನ್ನು ಓದುವ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ಕಾಲೇಜು ಏನೂ ಹೇಳದಿದ್ದರೆ 15ರಿಂದ 20 ಕೆಲಸ ಸಾಕು.

ಹೈಸ್ಕೂಲಿನಲ್ಲಿ ಡ್ರಾಯಿಂಗ್‌ನ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದರೆ ಸರ್ಟಿಫಿಕೇಟ್ ಹುಡುಕಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಚಿಂತೆ ಬೇಡ.

ಪಿಯುಸಿ ಕ್ಯಾಲೆಂಡರ್ ಒಳಗೆ ಜಾಗ ಹುಡುಕುವುದು

ನಮ್ಮ ಎರಡು ಜಿಲ್ಲೆಗಳ ಪಿಯು ಕಾಲೇಜುಗಳ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಹೋದರೆ ಸಂಜೆ, ಅದರ ಮೇಲೆ ಕೋಚಿಂಗ್, ಭಾನುವಾರ ಟೆಸ್ಟ್. ಇದರ ನಡುವೆ "ದಿನಾ ಎರಡು ಗಂಟೆ ಚಿತ್ರ ಬಿಡಿಸಿ" ಅಂತ ಹೇಳುವವರು ಪಿಯುಸಿ ಓದಿ ಬಹಳ ವರ್ಷ ಆಗಿರಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸ್ಕೆಚ್‌ಬುಕ್, ವಾರಕ್ಕೊಮ್ಮೆ ಮೂರು ಗಂಟೆಯ ಒಂದು ಕೂತು ಮಾಡುವ ಕೆಲಸ. ಇಷ್ಟು ನಿಜವಾಗಿ ಆಗುತ್ತದೆ.

ಪ್ರಥಮ ಪಿಯುಸಿಯ ಜೂನ್‌ನಿಂದ ಫೆಬ್ರುವರಿಯವರೆಗೆ ಸ್ಕೆಚ್‌ಬುಕ್ ತುಂಬಿಸುವುದು ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಒಳ್ಳೆಯ ಚಿತ್ರ ಮಾಡಬೇಕು ಅಂತ ಕೂಡ ಇಲ್ಲ. ಆಮೇಲೆ ಬರುವ ಏಪ್ರಿಲ್, ಮೇ ರಜೆ ಇದೆಯಲ್ಲ, ನಿಮ್ಮ ಪೋರ್ಟ್‌ಫೋಲಿಯೋದ ಅರ್ಧ ಭಾಗ ಅಲ್ಲೇ ಆಗಬೇಕು. ದೊಡ್ಡ ಹಾಳೆ, ಬಣ್ಣ, ಮಣ್ಣಿನ ಕೆಲಸ ಎಲ್ಲ ಆಗ. ಸೆಕೆ ಇದ್ದರೂ ಬಣ್ಣ ಬೇಗ ಒಣಗುತ್ತದೆ. ದ್ವಿತೀಯ ಪಿಯುಸಿಯಲ್ಲಿ ದಸರಾ ರಜೆಯವರೆಗೆ ಉಳಿದದ್ದನ್ನು ಮುಗಿಸಿ. ನವೆಂಬರ್‌ಗೆ ಫೋಟೊ ತೆಗೆದು ಪಿಡಿಎಫ್ ಮಾಡಿ ಇಟ್ಟುಬಿಡಿ. ಡಿಸೆಂಬರ್‌ನಿಂದ ಪ್ರಾಕ್ಟಿಕಲ್, ಪ್ರಿಪರೇಟರಿ, ಆಮೇಲೆ ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಆ ನಾಲ್ಕು ತಿಂಗಳು ಸ್ಕೆಚ್‌ಬುಕ್ ಒಂದನ್ನು ಮಾತ್ರ ಬಿಡಬೇಡಿ. ಓದಿ ತಲೆ ಕೆಟ್ಟಾಗ ಅದೇ ವಿಶ್ರಾಂತಿ. ಪರೀಕ್ಷೆ ಮುಗಿದ ಮೇಲೆ ಹೊಸದಾಗಿ ಎರಡು ಮೂರು ಕೆಲಸ ಸೇರಿಸಬಹುದು. ಹೊಸ ಕೆಲಸ ಹಳೆಯದಕ್ಕಿಂತ ಚೆನ್ನಾಗಿರುತ್ತದೆ, ಅದಕ್ಕೆ ಜಾಗ ಬಿಟ್ಟಿರಿ.

ಸೈನ್ಸ್ ಮಕ್ಕಳಿಗೆ ಒಂದು ಕಿವಿಮಾತು. ಬಯಾಲಜಿ ರೆಕಾರ್ಡಿನಲ್ಲಿ ನೀವು ಹೇಗೂ ಎಲೆ, ಹೂವು, ಬೇರು ಬಿಡಿಸುತ್ತೀರಿ. ಪುಸ್ತಕದ ಚಿತ್ರ ನೋಡಿ ಕಾಪಿ ಮಾಡುವ ಬದಲು ಅಂಗಳದ ದಾಸವಾಳ ಕಿತ್ತು ತಂದು, ಸೀಳಿ, ಅದನ್ನೇ ನೋಡಿ ಸ್ಕೆಚ್‌ಬುಕ್‌ನಲ್ಲೂ ಒಂದು ಬಿಡಿಸಿ. ಎರಡೂ ಕೆಲಸ ಒಟ್ಟಿಗೆ ಆಯಿತು.

ಸಾಮಾನು

ಜಾಸ್ತಿ ಏನೂ ಬೇಡ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್. ಚಾರ್ಕೋಲ್ ಕಡ್ಡಿ ಒಂದು ಪೆಟ್ಟಿಗೆ. ಕಪ್ಪು ಪೆನ್. ವಾಟರ್‌ಕಲರ್ ಅಥವಾ ಪೋಸ್ಟರ್ ಕಲರ್, ಒಂದು ದಪ್ಪ ಒಂದು ಸಪೂರ ಬ್ರಷ್. ಕಾರ್ಟ್ರಿಜ್ ಹಾಳೆ ಎ3 ಅಳತೆಯಲ್ಲಿ, ಒಂದಿಷ್ಟು ಎ2. ವಾಟರ್‌ಕಲರ್‌ಗೆ ಮಾತ್ರ 300 ಜಿಎಸ್‌ಎಂನ ದಪ್ಪ ಹಾಳೆ ತೆಗೆದುಕೊಳ್ಳಿ, ತೆಳು ಹಾಳೆ ನೀರು ಬಿದ್ದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಒಂದು ಪ್ಲೈವುಡ್ ತುಂಡು, ನಾಲ್ಕು ಕ್ಲಿಪ್. ನೂರಿಪ್ಪತ್ತು ಬಣ್ಣದ ಪೆಟ್ಟಿಗೆಗೆ ದುಡ್ಡು ಹಾಕಬೇಡಿ. ಮೂರು ಮೂಲ ಬಣ್ಣದಿಂದ ಹಸಿರು ಎಷ್ಟು ಬಗೆ ಬರುತ್ತದೆ ಅಂತ ನೋಡಿದ ಮಕ್ಕಳ ಚಿತ್ರದಲ್ಲಿ ತೆಂಗಿನ ಹಸಿರೇ ಬೇರೆ, ಬಾಳೆಯ ಹಸಿರೇ ಬೇರೆ ಇರುತ್ತದೆ.

ಸ್ಕೆಚ್‌ಬುಕ್: ಎಲ್ಲಿ, ಏನು, ಹೇಗೆ

ನನ್ನನ್ನು ಕೇಳಿದರೆ ಪೋರ್ಟ್‌ಫೋಲಿಯೋದಲ್ಲಿ ಎಲ್ಲಕ್ಕಿಂತ ಮುಖ್ಯ ಇದು. ಇಂಟರ್‌ವ್ಯೂನಲ್ಲಿ ಅನೇಕರು ಫ್ರೇಮ್ ಹಾಕಿದ ಹಾಗಿರುವ ಚಿತ್ರಗಳನ್ನು ಸರಸರ ದಾಟಿ ಸ್ಕೆಚ್‌ಬುಕ್ ಕೇಳುತ್ತಾರೆ. ಅಂಚು ಮಡಚಿದ, ಚಹಾದ ಕಲೆ ಇರುವ, ದಿನಾಂಕ ಬರೆದ ಸ್ಕೆಚ್‌ಬುಕ್. ಪ್ರತಿ ಪುಟಕ್ಕೂ ದಿನಾಂಕ ಮತ್ತು ಜಾಗದ ಹೆಸರು ಬರೆಯಿರಿ. ಪುಟ ಹರಿಯಬೇಡಿ, ರಬ್ಬರ್ ಆದಷ್ಟು ಕಡಿಮೆ ಬಳಸಿ. ತಪ್ಪಾದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ. ಎರಡೂ ಇರಲಿ.

ಬಸ್ಸಿನಿಂದ ಶುರು ಮಾಡಿ. ಕಾಲೇಜಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಕೂತರೆ ಎದುರಿಗೆ ಬರೀ ತಲೆ, ಕುತ್ತಿಗೆ, ಮೇಲಿನ ಕಂಬಿ ಹಿಡಿದ ಕೈಗಳು. ಹಾಳೆ ನೋಡದೆ ಬರೀ ಕೈಯ ಹೊರಗೆರೆಯನ್ನು ಒಂದೇ ಎಳೆಯಲ್ಲಿ ಬಿಡಿಸಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಆರು ಕೈ ಆಗಿರುತ್ತದೆ. ಹೆಚ್ಚಿನವು ವಿಚಿತ್ರವಾಗಿ ಕಾಣುತ್ತವೆ, ಇರಲಿ.

ಗೆರೆಯ ವಿಷಯ ಬಂದಾಗ ನಮ್ಮ ಊರಿನವರೇ ಆದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡದೆ ಮುಂದೆ ಹೋಗಬೇಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ನಾಲ್ಕೈದು ಗೆರೆಯಲ್ಲಿ ಕುಣಿಯುವ ಒಂದು ದೇಹವನ್ನು ನಿಲ್ಲಿಸಿಬಿಡುತ್ತಿದ್ದರು. ಅವರ ಗೆರೆಯನ್ನು ನಕಲು ಮಾಡಿ ಅಂತ ಹೇಳುತ್ತಿಲ್ಲ. ಎಷ್ಟು ಬಿಟ್ಟಿದ್ದಾರೆ ಅಂತ ನೋಡಿ.

ಮನುಷ್ಯ ದೇಹ ಕಲಿಯಲು ನಗರದ ಮಕ್ಕಳು ದುಡ್ಡು ಕೊಟ್ಟು ಮಾಡೆಲ್ ಇರುವ ಕ್ಲಾಸಿಗೆ ಹೋಗುತ್ತಾರೆ. ನಮಗೆ ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗ ಇದೆ. ಹತ್ತಿರದಲ್ಲಿ ಮೇಳದ ಆಟ ಇದ್ದ ದಿನ ಸ್ವಲ್ಪ ಬೇಗ ಹೋಗಿ. ಮೇಳದ ಹಿರಿಯರಲ್ಲಿ ಯಾರನ್ನಾದರೂ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಒಂದು ಮೂಲೆಯಲ್ಲಿ ಯಾರ ಕಾಲಿಗೂ ಅಡ್ಡ ಬಾರದಂತೆ ಕೂತುಕೊಳ್ಳಿ. ಒಳಗೆ ಸಾಲಾಗಿ ಕಲಾವಿದರು, ಅವರವರ ಮುಂದೆ ಅವರವರ ಕನ್ನಡಿ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ಕಡ್ಡಿ, ಕುತ್ತಿಗೆ ಸ್ವಲ್ಪ ಹಿಂದಕ್ಕೆ. ಹುಬ್ಬು ತೀಡುವಾಗ ಉಸಿರು ಕೂಡ ನಿಧಾನ ಆಗಿರುತ್ತದೆ. ಅಷ್ಟು ಹೊತ್ತು ಅಲುಗಾಡದೆ ಕೂರುವ ಮಾಡೆಲ್ ನಿಮಗೆ ಎಲ್ಲಿ ಸಿಗುತ್ತಾರೆ? ಬಣ್ಣದ ವೇಷದವರಂತೂ ಅಕ್ಕಿ ಹಿಟ್ಟು, ಸುಣ್ಣದ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಮುಖದ ಮೇಲೆ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ.

ಆದರೆ ಅಲ್ಲಿ ಎಲ್ಲರೂ ಮಾಡುವ ಕೆಲಸ ಒಂದಿದೆ. ಕಿರೀಟ, ಭುಜಕೀರ್ತಿ, ಮಣಿ, ಚುಕ್ಕಿ ಎಲ್ಲ ಬಿಡಿಸಲು ಹೋಗುತ್ತಾರೆ. ಅರ್ಧ ಗಂಟೆ ಅದಕ್ಕೇ ಹೋಗುತ್ತದೆ, ದೇಹ ಎಲ್ಲಿ ಅಂತ ಹುಡುಕಬೇಕು. ಮೊದಲ ಹತ್ತು ಸ್ಕೆಚ್‌ನಲ್ಲಿ ಆಭರಣವೇ ಬೇಡ. ಬೆನ್ನು ಎಷ್ಟು ಬಾಗಿದೆ, ಮೊಣಕೈ ಮೊಣಕಾಲಿನ ಮೇಲೆ ಊರಿದೆಯೋ ಇಲ್ಲವೋ, ಭಾರ ಯಾವ ಕಡೆ ಬಿದ್ದಿದೆ, ಇಷ್ಟು ಬಿಡಿಸಿ. ಎರಡು ನಿಮಿಷದ್ದು ಐದು, ಹದಿನೈದು ನಿಮಿಷದ್ದು ಒಂದು. ಮೇಳಗಳು ದೀಪಾವಳಿಯ ನಂತರ ಹೊರಟರೆ ಪತ್ತನಾಜೆಯವರೆಗೆ ತಿರುಗಾಟ. ಅಂದರೆ ಮೇ ಕೊನೆಯೊಳಗೆ ಈ ಕೆಲಸ ಆಗಬೇಕು. ನವರಾತ್ರಿಗೆ ಮಂಗಳೂರಿನಲ್ಲಿ, ಅಷ್ಟಮಿಗೆ ಉಡುಪಿಯಲ್ಲಿ ಹುಲಿವೇಷಕ್ಕೆ ಬಣ್ಣ ಬಳಿಯುವ ಜಾಗವೂ ಹೀಗೆಯೇ. ಬಣ್ಣ ಒಣಗುವವರೆಗೆ ಹುಡುಗರು ಕೈ ಅಗಲಿಸಿ ನಿಂತೇ ಇರಬೇಕು.

ಮಲ್ಪೆ ಬಂದರಿಗೆ ಎರಡು ಸಲ ಹೋಗಿ, ಬೇರೆ ಬೇರೆ ಕಾಲದಲ್ಲಿ. ಮೀನುಗಾರಿಕೆ ಇರುವಾಗ ಬೆಳಿಗ್ಗೆ ಹೋದರೆ ಯಾವುದೂ ನಿಲ್ಲುವುದಿಲ್ಲ. ಬುಟ್ಟಿ ಹೊತ್ತವರು, ಹರಾಜು ಕೂಗುವವರು, ಐಸ್ ಎಳೆಯುವವರು. ಅಲ್ಲಿ ಚಲನೆ ಕಲಿಯಬೇಕು, ಬರೀ ಗೀಚಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಸಮುದ್ರಕ್ಕೆ ಇಳಿಯಲು ನಿಷೇಧ. ಆಗ ಹೋದರೆ ಬೋಟುಗಳೆಲ್ಲ ಒಂದಕ್ಕೊಂದು ತಾಗಿ ಸಾಲಾಗಿ ನಿಂತಿರುತ್ತವೆ. ಒಂದರ ಹಿಂದೆ ಒಂದು, ಹಗ್ಗ, ಕಂಬ, ಹಳೆಯ ಟಯರ್. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು, ಒಂದು ಇನ್ನೊಂದನ್ನು ಮರೆ ಮಾಡುವುದು, ಇದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಕೊಡೆ ಹಿಡಿಯಲು ಒಬ್ಬ ಸ್ನೇಹಿತ ಬೇಕು, ಅಷ್ಟೆ.

ನೆರಳು ಬೆಳಕು ಕಲಿಯಲು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಒಂದು ಗಂಟೆ ಕಳೆಯಿರಿ. ಇಟಲಿಯಿಂದ ಬಂದ ಜೆಸ್ಯುಯಿಟ್ ಕಲಾವಿದ ಆಂಟೋನಿಯೋ ಮೊಸ್ಕೇನಿ ಸುಮಾರು 1900ರ ಹೊತ್ತಿಗೆ ಅದರ ಗೋಡೆ, ಮಾಡು ತುಂಬ ಚಿತ್ರ ಬರೆದರು. ಗಾರೆಯ ಮೇಲೆ ಫ್ರೆಸ್ಕೋ ಇದೆ, ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣವೂ ಇದೆ. ಮುಖಗಳನ್ನು ಬಿಟ್ಟು ಅಂಚಿನ ಅಲಂಕಾರಗಳನ್ನು ನೋಡಿ. ಕೆತ್ತಿದ ಹಾಗೆ ಎದ್ದು ಕಾಣುವ ಎಷ್ಟೋ ಕಡೆ ಅದು ಬರೀ ಬಣ್ಣ. ಬೆಳಕು ಯಾವ ಕಡೆಯಿಂದ ಬಿದ್ದಂತೆ ಬರೆದಿದ್ದಾರೆ, ಕಪ್ಪು ಎಲ್ಲಿ ತುಂಬಾ ಗಾಢ, ಎಲ್ಲಿ ಮೆಲ್ಲಗೆ ಕರಗುತ್ತದೆ ಅಂತ ಪುಟ್ಟ ಚೌಕಗಳಲ್ಲಿ ಗುರುತು ಮಾಡಿಕೊಳ್ಳಿ. ಅದು ಪ್ರಾರ್ಥನೆಯ ಜಾಗ, ಕೇಳಿ ಕೂತುಕೊಳ್ಳಿ, ಪೂಜೆ ನಡೆಯುವಾಗ ಬೇಡ.

ಕೂತು ಮಾಡುವ ಕೆಲಸಗಳು

ವಾರದ ಆ ಮೂರು ಗಂಟೆಯಲ್ಲಿ ಏನು ಮಾಡಬೇಕು ಅಂದರೆ, ಎಲ್ಲ ಬಗೆಯದ್ದೂ ಸ್ವಲ್ಪ ಸ್ವಲ್ಪ ಇರಲಿ. ಸ್ಟಿಲ್ ಲೈಫ್‌ಗೆ, ಅಂದರೆ ವಸ್ತುಗಳನ್ನು ಎದುರಿಗಿಟ್ಟು ನೋಡಿ ಬಿಡಿಸುವ ಚಿತ್ರಕ್ಕೆ, ಮಾರ್ಕೆಟ್‌ನ ಪ್ಲಾಸ್ಟಿಕ್ ಹಣ್ಣು ಬೇಡ. ಒಂದು ಕಂಚಿನ ಚೆಂಬು, ಅರ್ಧ ಸುಲಿದ ತೆಂಗಿನಕಾಯಿ, ಮಡಚಿದ ಒಂದು ಬೈರಾಸು (ಟವೆಲ್). ಹೊಳೆಯುವುದು, ಒರಟಾದ್ದು, ಮೆತ್ತಗಿನದು ಮೂರೂ ಸಿಕ್ಕಿತು. ಒಂದೇ ಕಿಟಕಿಯ ಬೆಳಕಿನಲ್ಲಿ ಇಡಿ, ಟ್ಯೂಬ್‌ಲೈಟ್ ಆರಿಸಿ.

ಪರ್ಸ್‌ಪೆಕ್ಟಿವ್‌ಗೆ, ಅಂದರೆ ದೂರ ಹತ್ತಿರವನ್ನು ಹಾಳೆಯ ಮೇಲೆ ತೋರಿಸಲು, ನಿಮ್ಮ ಮನೆಯ ಚಾವಡಿ ಸಾಕು. ಬಾಗಿಲಲ್ಲಿ ಕೂತು ಒಳಗೆ ನೋಡಿ ಒಂದು, ಮೂಲೆಯಲ್ಲಿ ಕೂತು ಒಂದು. ಹೊರಗೆ ಹೋಗುವುದಾದರೆ ಉಡುಪಿಯ ರಥಬೀದಿ. ತೇರು ನಿಂತಿರುವಾಗ ಅದರ ಪಕ್ಕ ಮನುಷ್ಯರನ್ನು ಬಿಡಿಸಿದರೆ ಅಳತೆ ತಾನಾಗಿ ಗೊತ್ತಾಗುತ್ತದೆ.

ಪ್ರವೇಶ ಪರೀಕ್ಷೆಯಲ್ಲಿ ನೆನಪಿನಿಂದ ಒಂದು ದೃಶ್ಯ ಬಿಡಿಸಿ ಅನ್ನುವುದು ಸಾಮಾನ್ಯ. ಸಂತೆ, ಬಸ್ ನಿಲ್ದಾಣ, ಮಳೆ, ಮದುವೆ ಮನೆ, ಹೀಗೆ. ಸ್ಕೆಚ್‌ಬುಕ್ ತುಂಬಿದವರಿಗೆ ಇದು ಕಷ್ಟ ಆಗುವುದಿಲ್ಲ. ಅಭ್ಯಾಸ ಮಾಡುವಾಗ ಮೊದಲು ಬೆಂಕಿಪೊಟ್ಟಣದ ಅಳತೆಯ ನಾಲ್ಕು ಚೌಕದಲ್ಲಿ ನಾಲ್ಕು ರೀತಿ ಜೋಡಿಸಿ ನೋಡಿ, ಆಮೇಲೆ ದೊಡ್ಡ ಹಾಳೆಗೆ ಹೋಗಿ. ಆ ಸಣ್ಣ ಚೌಕಗಳನ್ನು ಎಸೆಯಬೇಡಿ, ಅವೂ ಪೋರ್ಟ್‌ಫೋಲಿಯೋಗೆ ಬೇಕು.

ಟ್ಯಾಬ್‌ನಲ್ಲಿ ಬಿಡಿಸುವವರು ಅದನ್ನೂ ಸೇರಿಸಿ, ಎರಡು ಮೂರು ಸಾಕು. ಫೋಟೊ ಮೇಲೆ ಟ್ರೇಸ್ ಮಾಡಿದ್ದು, ಎಐ ಮಾಡಿಕೊಟ್ಟದ್ದು ಸೇರಿಸಬೇಡಿ. ಎದುರಿಗೆ ಕೂರಿಸಿ ಬಿಡಿಸಿ ಅಂದಾಗ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಒಂದು ವಿಷಯದ ಹಿಂದೆ ಬೀಳಿ

ಇದನ್ನು ಬಹಳ ಮಕ್ಕಳು ಮಾಡುವುದಿಲ್ಲ, ಮಾಡಿದವರು ಎದ್ದು ಕಾಣುತ್ತಾರೆ. ಹದಿನೈದು ಬಿಡಿ ಬಿಡಿ ಚಿತ್ರಗಳ ಜೊತೆ, ಒಂದೇ ವಿಷಯದ ಮೇಲೆ ಐದಾರು ಹಾಳೆ ಇರಲಿ. ವಿಷಯ ದೊಡ್ಡದಾಗಬೇಕಾಗಿಲ್ಲ. "ಪರಿಸರ ಸಂರಕ್ಷಣೆ" ಬೇಡ ಮಾರಾಯ್ರೆ, ಅದು ಶಾಲೆಯ ಪೋಸ್ಟರ್ ಸ್ಪರ್ಧೆಗೆ ಇರಲಿ.

ಉದಾಹರಣೆಗೆ ಹಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಮಂಗಳೂರು ಹಂಚು ಅಂದರೆ ಎಲ್ಲ ಕಡೆ ಹೆಸರು. ನಿಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ಪಕ್ಕದಲ್ಲಿ ಹಳೆಯ ಹಂಚು ಒಂದಾದರೂ ಬಿದ್ದಿರುತ್ತದೆ. ತೊಳೆದು ತಂದು ಮೇಜಿನ ಮೇಲಿಡಿ. ಮೊದಲು ಅಳತೆ ಸಮೇತ ಮುಂಭಾಗ, ಹಿಂಭಾಗ, ಪಕ್ಕದಿಂದ ಬಿಡಿಸಿ. ಕಾರ್ಖಾನೆಯ ಮುದ್ರೆ ಉಬ್ಬಾಗಿ ಇರುತ್ತದಲ್ಲ, ಅದರ ಮೇಲೆ ತೆಳು ಹಾಳೆ ಇಟ್ಟು 6ಬಿ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಅಕ್ಷರ, ಗೆರೆ, ಒಡೆದ ಜಾಗ ಎಲ್ಲ ಮೂಡುತ್ತದೆ. ಅದು ಎರಡನೇ ಹಾಳೆ. ಒಂದು ಹಂಚು ಇನ್ನೊಂದಕ್ಕೆ ಹೇಗೆ ಕೊಂಡಿ ಹಾಕಿಕೊಳ್ಳುತ್ತದೆ, ನೀರು ಯಾವ ಕಾಲುವೆಯಲ್ಲಿ ಇಳಿಯುತ್ತದೆ ಅನ್ನುವುದು ಮೂರನೆಯದು. ಇಲ್ಲಿ ನಿಮ್ಮ ತಲೆ ಕೆಲಸ ಮಾಡುವುದು ಅವರಿಗೆ ಕಾಣುತ್ತದೆ, ಡಿಸೈನ್ ಕಡೆ ಹೋಗುವವರಿಗೆ ಇದು ತುಂಬಾ ಬೇಕು. ನಾಲ್ಕನೆಯದು ಬೆಳಕು. ಮಾಡಿನಲ್ಲಿ ಒಂದು ಗಾಜಿನ ಹಂಚು ಇದ್ದರೆ ಮಧ್ಯಾಹ್ನ ಅಡುಗೆಮನೆಯಲ್ಲಿ ಒಂದು ಕೋಲು ಬೆಳಕು ಇಳಿಯುತ್ತದೆ. ಒಲೆಯ ಹೊಗೆ ಇದ್ದರೆ ಅದು ಹಿಡಿದು ಎತ್ತಬಹುದು ಅನ್ನುವಷ್ಟು ಗಟ್ಟಿಯಾಗಿ ಕಾಣುತ್ತದೆ. ಚಾರ್ಕೋಲ್‌ನಲ್ಲಿ ಹಾಳೆ ಪೂರ್ತಿ ಕಪ್ಪು ಮಾಡಿ, ರಬ್ಬರ್‌ನಿಂದ ಆ ಬೆಳಕನ್ನು ತೆಗೆಯಿರಿ. ಐದನೆಯದು ಮಣ್ಣಿನಲ್ಲಿ ಒಂದು ಸಣ್ಣ ಮಾದರಿ, ಅದರ ಫೋಟೊ. ಕೊನೆಗೆ ಇವೆಲ್ಲದರಿಂದ ನಿಮ್ಮದೇ ಒಂದು ದೊಡ್ಡ ಚಿತ್ರ. ಅದು ಹಂಚಿನ ಚಿತ್ರವೇ ಆಗಬೇಕೆಂದಿಲ್ಲ.

ಹಂಚು ಬೇಡದಿದ್ದರೆ ಬೀಡಿ ಕಟ್ಟುವ ಅಜ್ಜಿಯ ಕೈ, ಗುಜರಿ ಅಂಗಡಿ, ಅಬ್ಬಕ್ಕನ ಊರು ಉಳ್ಳಾಲದ ಕಡಲ್ಕೊರೆತ, ನಿಮ್ಮ ಬೀದಿಯ ಸೆಲೂನ್. ಪದೇ ಪದೇ ಹೋಗಲು ಸಾಧ್ಯ ಇರುವ ಜಾಗ ಆಗಿರಲಿ.

ಮಳೆಯಿಂದ ಕಾಪಾಡುವುದು

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಈ ಭಾಗ ಇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಜೂನ್‌ನಲ್ಲಿ ಕಪಾಟಿಗೆ ಹಾಕಿದ ಚಿತ್ರ ಸೆಪ್ಟೆಂಬರ್‌ಗೆ ತೆಗೆದರೆ ಬೂಸ್ಟು ಹಿಡಿದು ಹಳದಿ ಚುಕ್ಕಿ ಬಂದಿರುತ್ತದೆ. ಚಿತ್ರ ಪೂರ್ತಿ ಒಣಗದೆ ಪ್ಲಾಸ್ಟಿಕ್ ಫೋಲ್ಡರ್‌ಗೆ ಹಾಕಿದರೆ ಇನ್ನೂ ಬೇಗ ಹಾಳು, ತೇವ ಒಳಗೇ ಕೂತಿರುತ್ತದೆ. ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಇಡಿ, ನ್ಯೂಸ್‌ಪೇಪರ್ ಬೇಡ, ಅದರ ಶಾಯಿ ಅಂಟುತ್ತದೆ. ಫೋಲ್ಡರ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ. ಬಿಸಿಲು ಬಂದ ದಿನ ಫೋಲ್ಡರ್ ಬಿಡಿಸಿ ಫ್ಯಾನ್ ಕೆಳಗೆ ಹರಡಿ, ನೇರ ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ಚಾರ್ಕೋಲ್ ಕೆಲಸಕ್ಕೆ ಫಿಕ್ಸೇಟಿವ್ (ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆಯಿರಿ, ಹೊರಗೆ ಗಾಳಿಯಲ್ಲಿ. ಹೇರ್ ಸ್ಪ್ರೇ ಆಗುತ್ತದೆ ಅನ್ನುತ್ತಾರೆ. ಅಭ್ಯಾಸದ ಹಾಳೆಗೆ ಸರಿ, ಕಾಲೇಜಿಗೆ ಒಯ್ಯುವುದಕ್ಕೆ ಬೇಡ, ಹಳದಿಯಾಗುತ್ತದೆ.

ಫೋಟೊ ಮತ್ತು ಪಿಡಿಎಫ್

ಮಳೆಗಾಲದ ಒಂದು ಲಾಭ ಇಲ್ಲಿದೆ. ಮೋಡ ಕವಿದ ಹಗಲಿನ ಬೆಳಕಿನಲ್ಲಿ ಚಿತ್ರದ ಫೋಟೊ ತುಂಬಾ ಚೆನ್ನಾಗಿ ಬರುತ್ತದೆ, ನೆರಳು ಬೀಳುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಜಗಲಿಯಲ್ಲಿ ಹಾಳೆಯನ್ನು ಪ್ಲೈವುಡ್‌ಗೆ ಕ್ಲಿಪ್ ಹಾಕಿ ಗೋಡೆಗೆ ಒರಗಿಸಿ. ಮೊಬೈಲನ್ನೂ ಅಷ್ಟೇ ಓರೆಯಾಗಿ, ಹಾಳೆಗೆ ಸಮಾನವಾಗಿ ಹಿಡಿಯಿರಿ. ಹತ್ತಿರ ಹೋಗಬೇಡಿ, ಎರಡು ಹೆಜ್ಜೆ ಹಿಂದೆ ಬಂದು ಸ್ವಲ್ಪ ಝೂಮ್ ಮಾಡಿ, ಆಗ ಅಂಚು ಬಾಗುವುದಿಲ್ಲ. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ. ಬಿಳಿ ಹಾಳೆ ಬೂದು ಕಂಡರೆ ಬೆಳಕು ಒಂದು ಚೂರು ಏರಿಸಿ, ಅಂಚು ಕತ್ತರಿಸಿ, ಅಷ್ಟೆ. ಮಣ್ಣಿನ ಕೆಲಸಕ್ಕೆ ಹಿಂದೆ ಒಂದೇ ಬಣ್ಣದ ಬಟ್ಟೆ, ಮೂರು ದಿಕ್ಕಿನಿಂದ ಮೂರು ಫೋಟೊ.

ಕಂಪ್ಯೂಟರ್‌ಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಕೇಬಲ್ ಹಾಕಿ. ಪಿಡಿಎಫ್‌ನ ಒಂದು ಪುಟಕ್ಕೆ ಒಂದೇ ಕೆಲಸ. ಕೆಳಗೆ ಸಣ್ಣದಾಗಿ ಮಾಧ್ಯಮ, ಅಳತೆ, ವರ್ಷ. ಹಿನ್ನೆಲೆ ಬಿಳಿ. ಹೂವಿನ ಬಾರ್ಡರ್, ಓರೆ ಅಕ್ಷರ, ತಿರುಗುವ ಶೀರ್ಷಿಕೆ ಇವೆಲ್ಲ ಆಮಂತ್ರಣ ಪತ್ರಿಕೆಗೆ ಸರಿ. ಪೂರ್ತಿ ಫೈಲ್ ಎಷ್ಟು ಎಂಬಿ ಇರಬೇಕು ಅಂತ ಕಾಲೇಜು ಹೇಳಿರುತ್ತದೆ, ಮೊದಲೇ ನೋಡಿ. ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಬೇರೆ ಯಾರದಾದರೂ ಫೋನಿನಲ್ಲೂ ಇಟ್ಟಿರಿ.

ಆಯ್ಕೆ, ಜೋಡಣೆ

ಎಲ್ಲ ಕೆಲಸವನ್ನೂ ನೆಲದ ಮೇಲೆ ಹರಡಿ. ಮನೆಯವರನ್ನು ಕರೆಯಬೇಡಿ, ಅಮ್ಮನಿಗೆ ಎಲ್ಲವೂ ಚೆಂದ. ಡ್ರಾಯಿಂಗ್ ಮಾಸ್ಟ್ರನ್ನೋ ಕಲೆ ಓದುತ್ತಿರುವ ಸೀನಿಯರನ್ನೋ ಕರೆಯಿರಿ. ಯಾವುದನ್ನು ತೆಗೆಯಬೇಕು ಅಂತ ಕೇಳಿ, ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ. ತೆಗೆಯಲು ನಿಮಗೆ ತುಂಬಾ ಕಷ್ಟ ಆಗುವುದು ಬಹುಶಃ ವಾರಗಟ್ಟಲೆ ಕೂತು ಮಾಡಿದ ಕಾಪಿ ಚಿತ್ರ. ಅದನ್ನೇ ತೆಗೆಯಿರಿ.

ಒಳ್ಳೆಯ ಕೆಲಸ ಮೊದಲು. ಅಷ್ಟೇ ಒಳ್ಳೆಯದು ಕೊನೆಗೆ. ಒಂದು ವಿಷಯದ ಮೇಲೆ ಮಾಡಿದ ಆ ಐದಾರು ಹಾಳೆ ನಡುವೆ ಒಟ್ಟಿಗೆ ಇರಲಿ. ವರ್ಷದ ಲೆಕ್ಕದಲ್ಲಿ ಹಳೆಯದರಿಂದ ಹೊಸದಕ್ಕೆ ಜೋಡಿಸಬೇಡಿ. ನೋಡುವವರು ಶುರುವಿನಲ್ಲೇ ಎಂಟನೇ ಕ್ಲಾಸಿನ ಸೂರ್ಯೋದಯ ನೋಡಿ ಆಸಕ್ತಿ ಕಳೆದುಕೊಳ್ಳುತ್ತಾರೆ.

ಮನೆ, ಇಂಟರ್‌ವ್ಯೂ, ಪ್ರಯಾಣ

"ಚಿತ್ರ ಬಿಡಿಸಿ ಹೊಟ್ಟೆ ತುಂಬುತ್ತಾ?" ಅಂತ ಒಬ್ಬ ಮಾವನಾದರೂ ಕೇಳಿಯೇ ಕೇಳುತ್ತಾರೆ. ಮಾವನ ಜೊತೆ ವಾದ ಮಾಡಬೇಡಿ. ಅಪ್ಪ, ಅಮ್ಮನ ಎದುರಿಗೆ ಲೆಕ್ಕದ ಹಾಳೆ ಇಡಿ. ಯಾವ ಕಾಲೇಜು, ಸರ್ಕಾರಿಯೋ ಖಾಸಗಿಯೋ, ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಸ್ಕಾಲರ್‌ಶಿಪ್ ಇದೆಯೋ, ಮುಗಿಸಿದವರು ಎಲ್ಲೆಲ್ಲಿ ಕೆಲಸದಲ್ಲಿದ್ದಾರೆ. ಸರ್ಕಾರಿ ಕಾಲೇಜು ಮತ್ತು ಖಾಸಗಿ ಡಿಸೈನ್ ಕಾಲೇಜಿನ ಫೀಸಿಗೆ ಅಜಗಜಾಂತರ ಇದೆ. ಆ ಸಂಖ್ಯೆ ಗೊತ್ತಿಲ್ಲದೆ ಮನೆಯವರು ಹೆದರಿದರೆ ಅದು ಅವರ ತಪ್ಪಲ್ಲ.

ಇಂಟರ್‌ವ್ಯೂನಲ್ಲಿ ಕೇಳುವುದು ಬಹಳ ಸರಳ. ಇದನ್ನು ಯಾಕೆ ಬಿಡಿಸಿದೆ? ಇನ್ನೊಮ್ಮೆ ಮಾಡಿದರೆ ಏನು ಬದಲಿಸುತ್ತೀ? ಯಾವ ಕಲಾವಿದರ ಕೆಲಸ ನೋಡಿದ್ದೀ? "ನಂಗೆ ಚಿಕ್ಕಂದಿನಿಂದ ಆಸಕ್ತಿ" ಅನ್ನುವ ಉತ್ತರ ಅವರು ಬೆಳಿಗ್ಗೆಯಿಂದ ಕೇಳಿ ಕೇಳಿ ಸಾಕಾಗಿರುತ್ತದೆ. "ಚೌಕಿಯಲ್ಲಿ ಕೂತಿದ್ದೆ, ಅವರ ಮೊಣಕೈ ನೋಡಿ ಬಿಡಿಸಿದೆ, ಕಾಲು ಸರಿ ಬರಲಿಲ್ಲ" ಅಂತ ಹೇಳಿ. ಮಾತು ಅಲ್ಲಿಂದ ತಾನಾಗಿ ಮುಂದೆ ಹೋಗುತ್ತದೆ. ಕನ್ನಡದಲ್ಲಿ ಮಾತಾಡಲು ಸಂಕೋಚ ಬೇಡ, ಬೆಂಗಳೂರು, ಮೈಸೂರಿನಲ್ಲಿ ಕನ್ನಡದಲ್ಲೇ ಹೇಳಬಹುದೇ ಅಂತ ಕೇಳಿ ಶುರು ಮಾಡಿ.

ಇನ್ನು ಹೋಗುವ ದಾರಿ. ಪ್ರವೇಶದ ಕಾಲ ಅಂದರೆ ಮೇ, ಜೂನ್, ಜುಲೈ. ಶಿರಾಡಿ ಘಾಟಿಯಲ್ಲಿ ಮಳೆ, ಕೆಲವು ಸಲ ರಸ್ತೆ ಬಂದ್. ಪರೀಕ್ಷೆಯ ಹಿಂದಿನ ರಾತ್ರಿ ಹೊರಡದೆ ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಚಿತ್ರಗಳನ್ನು ಸುರುಳಿ ಸುತ್ತಬೇಡಿ, ಚಾರ್ಕೋಲ್ ಉದುರುತ್ತದೆ, ಅಲ್ಲಿ ಬಿಡಿಸಿದರೆ ಹಾಳೆ ನೆಟ್ಟಗೆ ಕೂರುವುದೂ ಇಲ್ಲ. ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ದಪ್ಪ ಪ್ಲಾಸ್ಟಿಕ್ ಸುತ್ತಿ, ಟೇಪ್ ಹಾಕಿ. ಬಸ್ಸಿನವರು ಡಿಕ್ಕಿಗೆ ಹಾಕಿ ಅನ್ನುತ್ತಾರೆ. ಒಪ್ಪಬೇಡಿ, ಡಿಕ್ಕಿಗೆ ನೀರು ಬರುತ್ತದೆ, ಮೇಲೆ ಯಾರಾದರೂ ಹಲಸಿನಹಣ್ಣಿನ ಗೋಣಿಯನ್ನೂ ಇಡಬಹುದು. ಸ್ಲೀಪರ್ ಬಸ್ ಆದರೆ ನಿಮ್ಮ ಬರ್ತ್‌ನಲ್ಲೇ ಕಿಟಕಿಯ ಬದಿಗೆ ನಿಲ್ಲಿಸಿ, ಎ2 ಫೋಲ್ಡರ್ ಅಲ್ಲಿ ಸರಿಯಾಗಿ ಕೂರುತ್ತದೆ. ಕಿಟಕಿಯ ಸಂದಿನಿಂದ ನೀರು ಒಸರುತ್ತದೋ ಅಂತ ಹತ್ತಿದ ಕೂಡಲೇ ಕೈಯಾಡಿಸಿ ನೋಡಿಕೊಳ್ಳಿ.